ಮನಸ್ಸಿನೊಳಗಿನ ಮಂಡಿಗೆ: ‘ವಿಷನರಿ’ ಎಂಬ ಪದದ ಸುತ್ತ

(ಬೆಳಗಾವಿಯ ಓದುಗರ ಬಳಗವೊಂದರಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟ ಕೆಡದ ಹಾಗೆ ಅಲ್ಲಲ್ಲಿ ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಜಿಟಿಜಿಟಿ ಮಳೆ ಹಿಡಿದಿದೆ. ನಮ್ಮ ಬೆಳಗಾವಿಯಲ್ಲಿ ಈ ತಿಂಗಳು ಒಣಗಿದ ಛತ್ರಿ ಕಣ್ಣಿಗೆ ಬೀಳುವುದೇ ಅಪರೂಪ. ಇಂಥದರಲ್ಲಿ ಒಂದು ಇಂಗ್ಲಿಷ್ ಪದದ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ಒಂದೋ ನಿಮಗೆಲ್ಲ ಪದಗಳ ಹುಚ್ಚು ಇರಬೇಕು, ಇಲ್ಲವೇ ಕೊನೆಗೆ ಚಹಾ ಚುರಮುರಿ ಇದೆ ಎಂಬ ಸುದ್ದಿ ಮೊದಲೇ ಹಬ್ಬಿರಬೇಕು.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಈಗ ಅವನದು ಫ್ಲೆಕ್ಸ್ ಅಂಗಡಿ.

“ಮೇಡಂ, ಅರ್ಜಂಟ್ ಒಂದ ಶಬ್ದ ಬೇಕಾಗಿತ್ರಿ. ಸಾಹೇಬರ ಹುಟ್ಟುಹಬ್ಬ ಐತಿ. ಮ್ಯಾಲ ಇಂಗ್ಲಿಷಿನಾಗ ‘ವಿಷನರಿ ಲೀಡರ್’ ಅಂತ ಹಾಕೀವಿ. ಕೆಳಗ ಕನ್ನಡದಾಗ ಏನ್ ಬರೀಬೇಕ್ರಿ?”

“ಕನಸುಗಾರ ಅಂತ ಬರಿಯೋ” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಪ್ರಿಂಟರ್ ಸದ್ದು ಮಾತ್ರ. “ಬ್ಯಾಡ್ರಿ ಮೇಡಂ. ಕನಸುಗಾರ ಅಂದ್ರ ಬರೇ ಕನಸ ಕಾಣ್ತಾರ, ಕೆಲಸ ಏನೂ ಮಾಡಂಗಿಲ್ಲ ಅಂದಂಗ ಆಗ್ತೈತಿ. ಸಾಹೇಬ್ರು ಸಿಟ್ಟಿಗೇಳ್ತಾರ.”

“ಹಂಗಾರ ದೂರದೃಷ್ಟಿಯ ನಾಯಕ ಅಂತ ಹಾಕು.”

“ಹಾಂ, ಇದು ಚಲೋ ಆತು ನೋಡ್ರಿ.”

ವಾರದ ಮೇಲೆ ಆ ಫ್ಲೆಕ್ಸ್ ನನ್ನ ಕಣ್ಣಿಗೇ ಬಿತ್ತು. ಮೇಲೆ ಹೂವಿನ ಹಾರದ ನಡುವೆ ಸಾಹೇಬರು, ಅವರ ಎದೆಯ ಹತ್ತಿರ ‘ದೂರದೃಷ್ಟಿಯ ನಾಯಕ’. ತೀರ ಕೆಳಗೆ, ಖರ್ಚು ಕೊಟ್ಟ ಕನ್ನಡಕದ ಅಂಗಡಿಯ ಜಾಹೀರಾತು: ‘ಸಮೀಪದೃಷ್ಟಿ, ದೂರದೃಷ್ಟಿ ದೋಷಗಳಿಗೆ ಉಚಿತ ತಪಾಸಣೆ’. ಜೊತೆಗಿದ್ದ ನಮ್ಮ ಸೋದರತ್ತೆ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿ, “ಇವರು ಯಾವಾಗ ಮಿಷನರಿ ಆದ್ರs?” ಅಂದರು.

ನಗು ಬಂತು, ನಿಜ. ಆದರೆ ಮನೆಗೆ ಬಂದ ಮೇಲೆ ತಲೆಯಲ್ಲಿ ಉಳಿದದ್ದು ಆ ಹುಡುಗ ಹೇಳಿದ ‘ಬ್ಯಾಡ್ರಿ’. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಬಿ.ಎ. ಅರ್ಧಕ್ಕೆ ಬಿಟ್ಟವನು ಅವನು. ಪದದ ಹಳೆಯ ಅರ್ಥ ಅವನ ಮೂಗಿಗೆ ಬಡಿದಿತ್ತು, ನನ್ನ ಮೂಗಿಗೆ ಬಡಿದಿರಲಿಲ್ಲ. ಇವತ್ತಿನ ಮಾತೆಲ್ಲ ಅದರ ಮೇಲೆಯೇ.

ವಿಷನ್ ಎಂಬುದು ಲ್ಯಾಟಿನ್ನಿನ ‘ವಿಡೇರೆ’, ಅಂದರೆ ನೋಡು ಎಂಬ ಕ್ರಿಯೆಯಿಂದ ಬಂದದ್ದು. ಅದೇ ಬೇರಿನ ಇನ್ನೊಂದು ಕವಲು ನಮ್ಮ ಕಡೆ ‘ವಿದ್’ ಆಗಿ ವಿದ್ಯೆ, ವೇದ, ವಿದ್ವಾಂಸ ಎಂದೆಲ್ಲ ಬೆಳೆಯಿತು. ಆ ಲೆಕ್ಕದಲ್ಲಿ ವಿಷನರಿ ನಮಗೆ ದೂರದ ನೆಂಟ. ಇಂಗ್ಲಿಷಿನಲ್ಲಿ ಮೊದಮೊದಲು ವಿಷನ್ ಅಂದರೆ ಬರಿಗಣ್ಣಿನ ನೋಟ ಆಗಿರಲಿಲ್ಲ. ದೇವರೋ ದೇವದೂತರೋ ಕಣ್ಣ ಮುಂದೆ ಬಂದು ನಿಲ್ಲುವುದು, ಜಾಗರದಲ್ಲೋ ನಿದ್ದೆಯಲ್ಲೋ ಕಾಣಿಸಿಕೊಳ್ಳುವುದು, ಅದು ವಿಷನ್. ಅಂಥದ್ದು ಯಾರಿಗೆ ಕಾಣುತ್ತದೋ ಅವರು ವಿಷನರಿ. 17ನೇ ಶತಮಾನದ ನಡುವಿನಲ್ಲಿ ಈ ಪದ ಬಳಕೆಗೆ ಬಂದಾಗ ಅದಕ್ಕಿದ್ದ ಅರ್ಥ ಇಷ್ಟೇ.

ಮುಂದೆ ಇಂಗ್ಲೆಂಡಿಗೆ ತರ್ಕದ ಗಾಳಿ ಬೀಸಿತು. ದೇವದೂತರನ್ನು ಕಂಡೆ ಅನ್ನುವವರ ಬೆಲೆ ಇಳಿಯಿತು. 18ನೇ ಶತಮಾನದ ಆರಂಭದ ಹೊತ್ತಿಗೆ ವಿಷನರಿ ಅಂದರೆ ಕೈಗೆ ಹತ್ತದ ಹವಣಿಕೆ ಹಾಕುವವನು, ನೆಲ ಬಿಟ್ಟು ನಡೆಯುವವನು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟು ಹೊರತಂದಾಗ ಈ ಪದಕ್ಕೆ ಕೊಟ್ಟ ಅರ್ಥ ಕೇಳಿ: ಕಲ್ಪನಾಶಕ್ತಿ ಕದಡಿ ಹೋದವನು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ತಲಿ ತಿರುಗಿದಾಂವ. ಆ ಕಾಲದ ಲಂಡನ್ನಿನಲ್ಲಿ ಒಬ್ಬ ಮುಖಂಡನ ಹುಟ್ಟುಹಬ್ಬಕ್ಕೆ ‘ವಿಷನರಿ ಲೀಡರ್’ ಎಂದು ಬೋರ್ಡು ಹಾಕಿದ್ದರೆ, ಅಂಗಡಿಯವನ ಮೇಲೆ ಖಟ್ಲೆ ಬೀಳುತ್ತಿತ್ತು.

ಈ ಪದದ ಎರಡೂ ಅರ್ಥ ಒಬ್ಬನೇ ಮನುಷ್ಯನ ತಲೆಯ ಮೇಲೆ ಕೂತದ್ದು ನೋಡಬೇಕಾದರೆ ವಿಲಿಯಂ ಬ್ಲೇಕ್ ಕಡೆ ತಿರುಗಬೇಕು. ಕವಿ, ತಾಮ್ರದ ತಗಡಿನಲ್ಲಿ ಚಿತ್ರ ಕೊರೆಯುವ ಕಸುಬಿನವನು. 1757ರಲ್ಲಿ ಹುಟ್ಟಿ 1827ರಲ್ಲಿ ತೀರಿಕೊಂಡ. ಹುಡುಗನಿದ್ದಾಗ ಲಂಡನ್ನಿನ ಪೆಕ್‌ಹ್ಯಾಮ್ ಎಂಬಲ್ಲಿ ಒಂದು ಮರದ ತುಂಬ ದೇವದೂತರು ಕುಳಿತದ್ದನ್ನು ಕಂಡೆ ಎಂದು ಮನೆಯಲ್ಲಿ ಹೇಳಿದನಂತೆ. 1809ರಲ್ಲಿ ತನ್ನ ಚಿತ್ರಗಳ ಪ್ರದರ್ಶನ ಮಾಡಿದಾಗ ಒಂದು ಪತ್ರಿಕೆ ಅವನನ್ನು ಪಾಪದ ಹುಚ್ಚ ಎಂದು ಬರೆಯಿತು, ಯಾರಿಗೂ ತೊಂದರೆ ಕೊಡುವವನಲ್ಲವಾದ್ದರಿಂದ ಕೂಡಿಹಾಕಿಲ್ಲ ಎಂಬ ಧಾಟಿಯಲ್ಲಿ. ಇವತ್ತು ಅವನ ಬಗ್ಗೆ ಬರೆಯುವ ಯಾರೂ ಮೊದಲ ಸಾಲಿನಲ್ಲಿ ವಿಷನರಿ ಎಂಬ ಪದ ಬಿಡುವುದಿಲ್ಲ. ಮನುಷ್ಯ ಅವನೇ, ಮರವೂ ಅದೇ. ಬದಲಾದದ್ದು ಪದದ ಮರ್ಯಾದೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಅನುವಾದದ ಪತ್ರಿಕೆ ಕಲಿಸುವಾಗ 19ನೇ ಶತಮಾನದ ಒಂದು ಇಂಗ್ಲಿಷ್ ವರದಿಯ ತುಣುಕು ಕೊಟ್ಟಿದ್ದೆ. ಅದರಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬನ ಯೋಜನೆಯನ್ನು ‘ವಿಷನರಿ ಸ್ಕೀಮ್’ ಎಂದು ಕರೆದಿದ್ದ. ನಾನೇ ಮಾದರಿ ಉತ್ತರದಲ್ಲಿ ‘ದೂರದೃಷ್ಟಿಯ ಯೋಜನೆ’ ಎಂದು ಬರೆಸಿಬಿಟ್ಟೆ. ಮುಂದಿನ ಸಾಲಿನಲ್ಲಿ ಅದೇ ಅಧಿಕಾರಿ ದುಡ್ಡು ಕೊಡುವುದಿಲ್ಲ ಅನ್ನುತ್ತಾನೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಇಷ್ಟ ಹೊಗಳಿ ರೊಕ್ಕಾ ಯಾಕ ಕೊಡವಲ್ಲ?” ಅಂತ ಕೇಳಿದಳು. ಅವತ್ತು ಏನೋ ಹಾರಿಕೆಯ ಉತ್ತರ ಕೊಟ್ಟೆ. ಆಮೇಲೆ ನಿಘಂಟು ತೆಗೆದು ನೋಡಿ ತಲೆ ಚಚ್ಚಿಕೊಂಡೆ. ಅವನು ಹೇಳಿದ್ದು ‘ಇದು ಗಾಳಿಗೋಪುರ’ ಅಂತ. ಮುಂದಿನ ವಾರ ಬೋರ್ಡಿನ ಮೇಲೆ ಬರೆದು ತಿದ್ದಿದೆ. ಹಳೆಯ ಇಂಗ್ಲಿಷ್ ಓದುವ ಯಾರಿಗಾದರೂ ಇದು ನೆನಪಿರಲಿ: 19ನೇ ಶತಮಾನದ ಬರಹದಲ್ಲಿ ಈ ಪದ ಕಂಡರೆ ಮೊದಲು ಬೈಗುಳ ಎಂದೇ ಅನುಮಾನಿಸಬೇಕು.

ಬೈಗುಳ ಬಿರುದಾದದ್ದು ಹೆಚ್ಚಾಗಿ ಕಳೆದ ಶತಮಾನದಲ್ಲಿ. ಅದರಲ್ಲೂ ಕಂಪನಿಗಳ ಭಾಷೆ ಇದನ್ನು ಎತ್ತಿ ಆಡಿಸಿತು. ಕಾರ್ಖಾನೆ ಕಟ್ಟಿದವನು ವಿಷನರಿ, ಮೊಬೈಲ್ ಮಾಡಿದವನು ವಿಷನರಿ. ರಾಜಕೀಯದಲ್ಲಿ ಇದು ಎಷ್ಟು ಕಡ್ಡಾಯವಾಯಿತೆಂದರೆ, 1987ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಹೊರಟಿದ್ದ ಹಿರಿಯ ಜಾರ್ಜ್ ಬುಷ್‌ಗೆ ದೇಶದ ಬಗ್ಗೆ ನಿಮ್ಮ ದೊಡ್ಡ ನೋಟ ಏನು ಎಂದು ಯೋಚಿಸಿ ಎಂದವರಿಗೆ ಅವರು ‘ಓ, ಆ ವಿಷನ್ ಅನ್ನೋದಾ’ ಎಂಬಂತೆ ಉತ್ತರಿಸಿದ್ದು ವರ್ಷಗಟ್ಟಲೆ ಅವರ ಬೆನ್ನು ಬಿಡಲಿಲ್ಲ. ಜರ್ಮನಿಯ ಚಾನ್ಸಲರ್ ಆಗಿದ್ದ ಹೆಲ್ಮುಟ್ ಶ್ಮಿಟ್ ಹೆಸರಿನಲ್ಲಿ ಇನ್ನೂ ಖಾರವಾದ ಮಾತಿದೆ: ವಿಷನ್ ಇದ್ದವರು ಡಾಕ್ಟರ ಹತ್ತಿರ ಹೋಗಲಿ. ನಮ್ಮ ಕನ್ನಡಕದ ಅಂಗಡಿಯವರಿಗೆ ಇದು ಗೊತ್ತಿರಲಿಕ್ಕಿಲ್ಲ, ಆದರೂ ಅವರ ಜಾಹೀರಾತು ಸರಿಯಾದ ಜಾಗದಲ್ಲೇ ಕೂತಿತ್ತು.

ಈಗ ಪ್ರತಿ ಕಾಲೇಜಿನ ಗೋಡೆಯ ಮೇಲೂ ‘ವಿಷನ್, ಮಿಷನ್’ ಎಂಬ ಬೋರ್ಡು ನೇತಾಡುತ್ತದೆ. ನಾನು ಕಂಡ ಒಂದು ಬೋರ್ಡಿನ ಮುಂದೆ ಗಾಡ್ರೇಜ್ ಕಪಾಟು ತಂದು ನಿಲ್ಲಿಸಿದ್ದರು. ‘ವಿಷ’ ಎಂಬಷ್ಟೇ ಕಾಣುತ್ತಿತ್ತು.

ಇರಲಿ. ಈಗ ನಮ್ಮ ಅಡುಗೆಮನೆಗೆ ಬರೋಣ.

ಕನಸುಗಾರ ಎಂಬ ಪದಕ್ಕೆ ಆ ಹುಡುಗ ಯಾಕೆ ಹೆದರಿದ? ಬಾಲದಲ್ಲಿರುವ ‘-ಗಾರ’ ನೋಡಿ. ಬಳೆಗಾರ, ಹಾಡುಗಾರ, ಸೊಗಸುಗಾರ ಒಂದು ಕಡೆ. ಸಾಲಗಾರ, ಮೋಸಗಾರ, ಜೂಜುಗಾರ ಇನ್ನೊಂದು ಕಡೆ. ಕನಸುಗಾರ ಈ ಎರಡು ಸಾಲಿನ ನಡುವಿನ ಗೋಡೆಯ ಮೇಲೆ ಕೂತಿದ್ದಾನೆ, ಯಾವ ಕಡೆ ಬೇಕಾದರೂ ಜಾರಬಹುದು. ಸಿನಿಮಾದವರ ಬಾಯಲ್ಲಿ ಅದು ಬಿರುದು. ಹೆಣ್ಣು ಕೊಡುವ ಮನೆಯವರ ಬಾಯಲ್ಲಿ, ‘ಹುಡುಗ ಸ್ವಲ್ಪ ಕನಸುಗಾರ ಇದ್ದಾನ’ ಅಂದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಕನ್ನಡ ಇನ್ನೂ ಒಂದು ಸೂಕ್ಷ್ಮ ಮಾಡಿದೆ, ಇಂಗ್ಲಿಷಿಗೆ ಅದು ಇಲ್ಲ. ನಮಗೆ ಕನಸು ‘ಬೀಳುತ್ತದೆ’. ‘ರಾತ್ರಿ ಅವ್ವನ ಕನಸ ಬಿದ್ದಿತ್ತು’ ಅನ್ನುತ್ತೇವೆ. ಮಳೆ ಬಿದ್ದ ಹಾಗೆ, ಹಲ್ಲಿ ಬಿದ್ದ ಹಾಗೆ. ಅದರಲ್ಲಿ ನಮ್ಮ ಕೈವಾಡ ಏನೂ ಇಲ್ಲ. ಆಮೇಲೆ ಕನಸು ‘ಕಾಣು’ವುದಿದೆ. ಇಲ್ಲಿ ಕಣ್ಣು ನಮ್ಮದು, ಆಸೆ ನಮ್ಮದು. ಮೂರನೆಯದು ಕನಸು ‘ಕಟ್ಟು’ವುದು. ಮನೆ ಕಟ್ಟಿದ ಹಾಗೆ, ಬುತ್ತಿ ಕಟ್ಟಿದ ಹಾಗೆ. ಬ್ಲೇಕ್‌ಗೆ ಮರದ ಮೇಲೆ ದೇವದೂತರು ಬಿದ್ದ ಕನಸಿನಂತೆ ಬಂದರು. ಫ್ಲೆಕ್ಸಿನ ಸಾಹೇಬರು ತಮ್ಮದು ಕಟ್ಟಿದ ಕನಸು ಎನ್ನುತ್ತಾರೆ. ಇಬ್ಬರಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ ನಾಮಪದ ಹುಡುಕುತ್ತ ಕೂರುವ ಬದಲು ಕ್ರಿಯಾಪದ ಹಿಡಿದರೆ ಅರ್ಧ ಅನುವಾದ ಮುಗಿದಂತೆ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಆಡಿದ ಮಾತನ್ನು ಎಲ್ಲರೂ ‘ನನಗೊಂದು ಕನಸಿದೆ’ ಎಂದು ಬರೆಯುತ್ತಾರೆ. ಯಾವ ಕನ್ನಡದವನು ಹಾಗೆ ಮಾತಾಡುತ್ತಾನೆ? ನನಗೆ ಜ್ವರ ಇದೆ, ಸಾಲ ಇದೆ, ಸರಿ. ಕನಸು ‘ಇರುವುದಿಲ್ಲ’, ಅದನ್ನು ಕಾಣುತ್ತೇವೆ. ‘ನಾನೊಂದು ಕನಸು ಕಂಡಿದ್ದೇನೆ’ ಅಂದರೆ ಆ ಮನುಷ್ಯ ಎದುರಿಗೇ ನಿಂತ ಹಾಗಾಗುತ್ತದೆ.

ಕಾಣು ಎಂಬುದರಿಂದಲೇ ‘ಕಾಣ್ಕೆ’ ಬಂತು. ವಿಷನ್ ಎಂಬುದಕ್ಕೆ ನಮ್ಮ ವಿಮರ್ಶಕರು ಬಳಸುವ ಪದ ಅದು, ನನಗೂ ಇಷ್ಟ. ಅದೇ ಧಾತುವಿನಿಂದ ದೊಡ್ಡವರನ್ನು ಕಾಣಲು ಹೋಗುವಾಗ ಒಯ್ಯುವ ಕಾಣಿಕೆಯೂ ಬಂತು. ಸಂಸ್ಕೃತದ ಕಡೆ ಹೋದರೆ, ವೇದದ ಪದಗಳ ಅರ್ಥ ಬಿಡಿಸುವ ಹಳೆಯ ಗ್ರಂಥವಾದ ಯಾಸ್ಕನ ನಿರುಕ್ತದಲ್ಲಿ ‘ಋಷಿರ್ದರ್ಶನಾತ್’ ಎಂಬ ಮಾತಿದೆ, ಕಂಡದ್ದರಿಂದ ಋಷಿ ಎಂದು. ಅಕ್ಷರಶಃ ನೋಡಿದರೆ ವಿಷನರಿಗೆ ಸರಿಯಾದ ಪದ ಋಷಿ. ನಮ್ಮ ಊರಿನಲ್ಲಿ 1916ರಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಕಟ್ಟಿದ ಏಳು ಮಂದಿಯನ್ನು ಜನ ಸಪ್ತರ್ಷಿಗಳು ಎಂದು ಕರೆದರಲ್ಲ, ಅದು ಒಂದರ್ಥದಲ್ಲಿ ಈ ಇಂಗ್ಲಿಷ್ ಪದದ ಅನುವಾದವೇ, ಯಾರೂ ನಿಘಂಟು ತೆರೆಯದೆ ಮಾಡಿದ್ದು.

ಬೈಗುಳದ ಅರ್ಥಕ್ಕೂ ನಮ್ಮಲ್ಲಿ ಕೊರತೆ ಇಲ್ಲ. ಹಗಲುಗನಸು, ಗಾಳಿಗೋಪುರ ಎಲ್ಲರಿಗೂ ಗೊತ್ತು. ಕನಸಿನಲ್ಲಿ ಕಂಡ ಭತ್ತಕ್ಕೆ ಗೋಣಿ ಒಡ್ಡಿದ ಹಾಗೆ ಎಂಬ ಗಾದೆ ಇದೆ. ಆದರೆ ಬೆಳಗಾವಿಯವರಾದ ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು. ಶಹಾಪುರ, ವಡಗಾವಿ ಕಡೆಯ ಮರಾಠಿ ಮನೆಗಳಲ್ಲೂ ಇದೇ ಮಾತು, ಮನಾತ್ ಮಾಂಡೆ ಖಾಣೆ. ಗಡಿಯ ಬಗ್ಗೆ ಎಷ್ಟೇ ಜಗಳ ಇರಲಿ, ಇಲ್ಲದ ಮಂಡಿಗೆ ತಿನ್ನುವುದರಲ್ಲಿ ನಾವು ಒಂದೇ ಪಂಕ್ತಿ.

ಯಾಕೆ ಮಂಡಿಗೆಯೇ? ಹೋಳಿಗೆ ಯಾಕಲ್ಲ, ಲಾಡು ಯಾಕಲ್ಲ? ಅಣ್ಣನ ಮಗಳ ಮದುವೆಯಲ್ಲಿ ಮಂಡಿಗೆ ಮಾಡುವವರ ಹತ್ತಿರ ಕೂತು ನೋಡಿದ ಮೇಲೆ ನನಗೆ ಇದು ಹೊಳೆಯಿತು. ಉರಿಯುವ ಒಲೆಯ ಮೇಲೆ ದೊಡ್ಡ ಕಬ್ಬಿಣದ ಕಡಾಯಿ ಬೋರಲು ಹಾಕಿರುತ್ತಾರೆ. ಚೆನ್ನಾಗಿ ನಾದಿ ನೆನೆಸಿದ ಹಿಟ್ಟಿನೊಳಗೆ ಸಕ್ಕರೆಪುಡಿ, ತುಪ್ಪ, ಏಲಕ್ಕಿಯ ಹೂರಣ. ಲಟ್ಟಿಸಿದ್ದನ್ನು ಮಂಡಿಗೆ ಮಾಡುವ ಹೆಂಗಸು ಎರಡೂ ಮುಂಗೈ ಮೇಲೆ ಎತ್ತಿಕೊಂಡು, ತಿರುಗಿಸಿ ತಿರುಗಿಸಿ, ಬಳೆಯ ಬಣ್ಣ ಆಚೆಯಿಂದ ಕಾಣುವಷ್ಟು ತೆಳ್ಳಗೆ ಹಿಗ್ಗಿಸುತ್ತಿದ್ದರು. ಆಮೇಲೆ ಒಂದೇ ಸಲಕ್ಕೆ ಕಡಾಯಿಯ ಬೆನ್ನ ಮೇಲೆ ಹೊದಿಸುವುದು. ಬೆಂದ ಕೂಡಲೇ, ಬಿಸಿ ಇರುವಾಗಲೇ ಮಡಚಬೇಕು. ಒಂದು ಗಳಿಗೆ ತಡವಾದರೂ ಗರಿಗರಿಯಾಗಿ ಮುರಿದು ಹೋಗುತ್ತದೆ. ನಾನು ಕೈ ಹಾಕಲು ಹೋದೆ. ಆಕೆ ಗದರಿದರು: “ಅಕ್ಕಾರ, ನಿಮಗ ತಿನ್ನಾಕ ಬರತೈತಿ, ಅದ ಸಾಕು.”

ಮನಸ್ಸಿನಲ್ಲಿ ಮಾಡುವ ತಿಂಡಿಗೆ ಇದಕ್ಕಿಂತ ತಕ್ಕದ್ದು ಯಾವುದಿದೆ? ಹಿಗ್ಗಿಸಿದಷ್ಟೂ ಹಿಗ್ಗುತ್ತದೆ, ಕೈ ತಪ್ಪಿದರೆ ಪುಡಿ. ಜಾನ್ಸನ್ ಸಾಹೇಬನ ವಿಷನರಿಗೆ ಕನ್ನಡದಲ್ಲಿ ನಾನು ಈಗ ಹೇಳುವುದು ಮನಸ್ಸಿನಲ್ಲೇ ಮಂಡಿಗೆ ತಿನ್ನುವಾಂವ ಎಂದೇ. ಮಡಚುವ ಗಳಿಗೆ ಗೊತ್ತಿದ್ದವರು ಮಾತ್ರ ಇನ್ನೊಂದು ಅರ್ಥದ ವಿಷನರಿಗಳು.

ಅಂಥವರೊಬ್ಬರ ಹೆಸರು ಹೇಳಬೇಕೆಂದರೆ ನನಗೆ ನೆನಪಾಗುವುದು ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿದವರು. ಮನೆಮನೆ, ಮಠಮಠ ತಿರುಗಿ ವಚನದ ತಾಡೋಲೆ ಕೂಡಿಹಾಕಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಇದೇ ನಮ್ಮ ಬೆಳಗಾವಿಯ ಮುದ್ರಣಾಲಯದಲ್ಲಿ. ಆಮೇಲೆ ಬೇರೆಯವರ ಅಚ್ಚುಮೊಳೆ ನಂಬಿದರೆ ಆಗದು ಎಂದು 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ. ಇದಕ್ಕೆಲ್ಲ ಇದ್ದ ಮನೆಯನ್ನೂ ಮಾರಿದರು. ವಕೀಲಿ ಬಿಟ್ಟು ಹರಕು ಗರಿ ಹಿಡಿದು ಕೂತವನನ್ನು ಅವತ್ತಿನ ಇಂಗ್ಲಿಷ್ ಬಲ್ಲ ವಕೀಲರು ವಿಷನರಿ ಅಂದಿದ್ದರೆ ಅದು ಖಂಡಿತ ಜಾನ್ಸನ್ನನ ಅರ್ಥದಲ್ಲಿ. ಈಗ ಅದೇ ಪದ ಅವರ ಪುತ್ಥಳಿಯ ಕೆಳಗೆ ಕೂರುತ್ತದೆ. ಹಳಕಟ್ಟಿಯವರು ತಮ್ಮ ಬಗ್ಗೆ ತಾವೇ ಇಂಥ ಪದ ಬಳಸಲಿಲ್ಲ ಎಂಬುದನ್ನು, ಬಯೋಡೇಟಾದ ಮೊದಲ ಸಾಲಿನಲ್ಲಿ ‘ಐ ಆ್ಯಮ್ ಎ ವಿಷನರಿ’ ಎಂದು ಬರೆದುಕೊಂಡು ನನಗೆ ತೋರಿಸಲು ತರುವ ಹುಡುಗರಿಗೆ ಹೇಳುತ್ತಿರುತ್ತೇನೆ. ಅದು ಬೇರೆಯವರು ಹೇಳಬೇಕಾದ ಪದ. ಸುಂದರಿ, ದಾನಿ ಎಂಬವುಗಳ ಹಾಗೆ.

ಈ ಊರಿನ ಇನ್ನೊಂದು ಕನಸನ್ನೂ ಹೇಳಿಬಿಡುತ್ತೇನೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆಯಿತು. ನೀರಿಗೆಂದು ತೋಡಿದ ಬಾವಿ ಈಗಲೂ ಕಾಂಗ್ರೆಸ್ ಬಾವಿ ಎಂದೇ ಇದೆ, ದಿನಾ ಅದರ ಮುಂದೆ ಗಾಡಿ ಓಡಿಸುತ್ತೀರಿ. ಅಲ್ಲಿ ಕೇಳಿಬಂದದ್ದು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’. ಕನ್ನಡ ಮಾತಾಡುವವರು ಆಗ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿ ಹೋಗಿದ್ದರು. ನಕಾಶೆಯಲ್ಲಿ ಇಲ್ಲದ ನಾಡಿನ ಬಗ್ಗೆ ಹಾಡು. ವ್ಯಾಕರಣದ ಮೇಡಂ ಆಗಿ ನನ್ನ ಕಣ್ಣು ಹೋಗುವುದು ಆ ‘-ಅಲಿ’ಯ ಮೇಲೆ. ಆಗಲಿ, ಬರಲಿ, ಬಾಳಲಿ. ಇಂಗ್ಲಿಷಿಗೆ ಮುಂದೊಂದು ‘ಮೇ’ ಬೇಕು, ನಮಗೆ ಬಾಲದಲ್ಲೇ ಕನಸು ಅಂಟಿಕೊಂಡಿದೆ. 32 ವರ್ಷ ತಡೆದು, 1956ರ ನವೆಂಬರ್ 1ಕ್ಕೆ ಆ ‘ಆಗಲಿ’ ‘ಆಯಿತು’ ಆಯಿತು.

ವಿಷನರಿಯ ಬಳಗದ ಉಳಿದ ಪದಗಳನ್ನು ಓಡುತ್ತ ಮುಟ್ಟುತ್ತೇನೆ, ಚಹಾದ ವಾಸನೆ ಬರುತ್ತಿದೆ. ಯುಟೋಪಿಯನ್: 1516ರಲ್ಲಿ ಥಾಮಸ್ ಮೋರ್ ಗ್ರೀಕಿನಿಂದ ಕಟ್ಟಿದ ಯುಟೋಪಿಯ ಎಂಬ ಹೆಸರಿನಿಂದ ಬಂತು, ‘ಎಲ್ಲೂ ಇಲ್ಲದ ಊರು’ ಎಂದರ್ಥ. ಕ್ವಿಕ್ಸಾಟಿಕ್: ಗಾಳಿಯಂತ್ರವನ್ನು ರಾಕ್ಷಸ ಎಂದು ಈಟಿ ಹಿಡಿದು ನುಗ್ಗಿದ ಸ್ಪೇನಿನ ಕಥಾನಾಯಕ ಡಾನ್ ಕ್ವಿಕ್ಸೋಟ್‌ನಿಂದ, ಇದರಲ್ಲಿ ಬೈಗುಳದ ಜೊತೆ ಸ್ವಲ್ಪ ಪ್ರೀತಿಯೂ ಇದೆ. ಬರಿಯ ಡ್ರೀಮರ್ ಸುಲಭ ಅನ್ನಿಸುತ್ತದೆ, ಆದರೆ ಅಮೆರಿಕದ ಸುದ್ದಿಯಲ್ಲಿ ಡ್ರೀಮರ್ಸ್ ಎಂದು ಬಂದರೆ ಎಚ್ಚರ. ಚಿಕ್ಕಂದಿನಲ್ಲಿ ತಂದೆತಾಯಿಯ ಜೊತೆ ಕಾಗದಪತ್ರ ಇಲ್ಲದೆ ಬಂದು ಅಲ್ಲೇ ಬೆಳೆದ ಯುವಕರು ಅವರು. 2001ರಲ್ಲಿ ಮಂಡನೆಯಾದ ಒಂದು ಮಸೂದೆಯ ಹೆಸರಿನ ಮೊದಲಕ್ಷರಗಳು ಕೂಡಿ ‘ಡ್ರೀಮ್’ ಎಂದಾಗಿ, ಅದರಿಂದ ಆ ಹೆಸರು ಹುಟ್ಟಿತು. ‘ಕನಸುಗಾರರ ಗಡೀಪಾರು’ ಎಂದು ತಲೆಬರಹ ಕೊಟ್ಟರೆ ಓದುಗ ಕವಿಗಳನ್ನು ಓಡಿಸಿದರು ಅಂದುಕೊಂಡಾನು. ಇನ್ನೊಂದು ಮೋಜು: ಹಳೆಯ ಇಂಗ್ಲಿಷಿನಲ್ಲಿ ‘ಡ್ರೇಅಮ್’ ಎಂದರೆ ಸಂತೋಷ, ಸಂಗೀತ, ಗದ್ದಲ. ನಿದ್ದೆಯ ಕನಸಿಗೆ ಅವರಲ್ಲಿದ್ದ ಪದ ‘ಸ್ವೆಫ್ನ್’, ನಮ್ಮ ಸ್ವಪ್ನದ ಒಡಹುಟ್ಟು. ಆ ಒಳ್ಳೆಯ ಪದವನ್ನು ಕಳೆದುಕೊಂಡು ಗದ್ದಲದ ಪದ ಇಟ್ಟುಕೊಂಡರು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಉಚ್ಚಾರದ ಬಗ್ಗೆ. ಆ ನಡುವಿನ ಧ್ವನಿ ನಮ್ಮ ವರ್ಣಮಾಲೆಯಲ್ಲಿ ಇಲ್ಲ, ‘ಷ’ಕ್ಕೂ ‘ಝ’ಕ್ಕೂ ನಡುವೆ ನಾಲಿಗೆ ಇಡಿ, ಆಗದಿದ್ದರೆ ವಿಷನರಿ ಅನ್ನಿ, ಯಾರೂ ದಂಡ ಹಾಕುವುದಿಲ್ಲ ಎಂದೆ. ಹಿರಿಯರೊಬ್ಬರು ದ್ರಷ್ಟಾರ ಎಂದರೆ ಸಾಲದೇ ಎಂದು ಕೇಳಿದರು. ಭಾಷಣಕ್ಕೆ ಸಾಕು, ಹುಟ್ಟುಹಬ್ಬದ ಫ್ಲೆಕ್ಸಿಗೆ ಭಾರ ಆಗುತ್ತದೆ ಎಂದೆ.

ಕೊನೆಗೆ ಕಿಟಕಿಯ ಹತ್ತಿರ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದಳು. “ಮೇಡಂ, ಇಂಗ್ಲಿಷಿನಾಗ ವಿಷನರಿ ಅಂದ್ರ ಗಂಡೂ ಹೌದು, ಹೆಣ್ಣೂ ಹೌದು. ನಮ್ಮ ಕನಸುಗಾರನಿಗೆ ಹೆಣ್ಣ ಏನ್ರಿ?”

“ಹಾಡುಗಾರ್ತಿ ಇದ್ದಾಳ, ಬಳೆಗಾರ್ತಿ ಇದ್ದಾಳ. ಕನಸುಗಾರ್ತಿ.”

“ಆ ಶಬ್ದ ಫ್ಲೆಕ್ಸಿನಾಗ ಎಂದೂ ನೋಡಿಲ್ರಿ.”

ನಾನೂ ನೋಡಿಲ್ಲ ಅಂದೆ. ಹಿಂದಿನ ಸಾಲಿನಲ್ಲಿ ನಮ್ಮ ಫ್ಲೆಕ್ಸ್ ಅಂಗಡಿಯ ಹುಡುಗ ಬಂದು ಕೂತಿದ್ದ. ಅವನು ಜೇಬಿನಿಂದ ಪೆನ್ನು ತೆಗೆದು, ಅಂಗೈ ಮೇಲೆ ಏನೋ ಬರೆದುಕೊಂಡ.